ತಾವೋನನ ಹಲ್ಲು

ಜೂನ್ ತಿಂಗಳ ಕವಾತು ನಡೆದಿತ್ತು. ನಮ್ಮ ಬೆಟ್ಟದಲ್ಲಿ ಅದು ಚಳಿಗಾಲ, ಚಹಾ ಗಿಡ ಚಿಗುರುವುದಿಲ್ಲ. ಗಂಡಸರು ಸಾಲು ಹಿಡಿದು ಬಾಗಿ, ಮಂಡಿಯೆತ್ತರಕ್ಕೆ ಗಿಡಗಳ ತಲೆ ಕಡಿಯುತ್ತಾ ಹೋಗುತ್ತಾರೆ. ಹೆಂಗಸರು ಹಿಂದಿನಿಂದ ಕಡ್ಡಿ ಆಯ್ದು ಹೊರೆ ಕಟ್ಟುತ್ತೇವೆ. ಮೂರು ದಿನದಿಂದ ಮಂಜು ಕರಗಿರಲಿಲ್ಲ. ಪಕ್ಕದ ಸಾಲಿನವರ ಕೆಮ್ಮು ಕೇಳಿಸುತ್ತಿತ್ತು, ಮುಖ ಕಾಣಿಸುತ್ತಿರಲಿಲ್ಲ.

ಝಕಾರಿಯ ನನ್ನ ಮುಂದಿನ ಸಾಲಿನಲ್ಲಿದ್ದ. ಅವನೂ ಅವನ ಹೆಂಡತಿ ಅಮೇಲಿಯಳೂ ಮಾರ್ಚ್‌ನಲ್ಲಿ ಗಡಿ ದಾಟಿ ಬಂದವರು. ಕೆಳಗಿನ ಮೊಜಾಂಬಿಕ್ ಬಯಲಿನ ಕಡೆಯವರು. ನಾನೂ ಅಲ್ಲಿಯವಳೇ. ಮೂವತ್ತು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಇದೇ ದಾರಿಯಲ್ಲಿ ಹತ್ತಿ ಬಂದಿದ್ದೆ. ಅವರು ಬಂದ ದಿನ ಅಮೇಲಿಯಳ ತಲೆಯ ಮೇಲೆ ಚಾಪೆ ಸುತ್ತಿದ ಒಂದು ಪಾತ್ರೆ, ಬೆನ್ನಿಗೆ ಮೂರು ತಿಂಗಳ ಗಂಡುಮಗು ತಾವೋನ. ನಾಲ್ಕು ವರ್ಷದ ಮರೀತ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಮೇಸ್ತ್ರಿ ಅವರನ್ನು ನೋಡಿ ನಕ್ಕಿದ್ದ. "ಕೆಳಗಿನವರು ಬಿಸಿಲನ್ನೇ ಹೊದ್ಕೊಂಡು ಬರ್ತಾರೆ ನೋಡು. ಕಂಬಳಿ ಎಲ್ಲಪ್ಪಾ?"

"ಮೊದಲ್ನೇ ಸಂಬಳದಲ್ಲಿ ತರ್ತೀನಿ."

"ಚಳಿ ಸಂಬಳದ ದಿನ ನೋಡ್ಕೊಂಡು ಬರಲ್ಲಪ್ಪೋ."

ಝಕಾರಿಯ ಕಂಬಳಿ ತಂದ. ದಪ್ಪನೆಯ ಕೆಂಪು ಕಂಬಳಿ. ಕೂಲಿಯವರ ಲೈನ್ ಮನೆಗಳಲ್ಲಿ ಅವರಿಗೂ ನನಗೂ ನಡುವೆ ಒಂದೇ ಗೋಡೆ. ಸಂಜೆ ನನ್ನ ಒಲೆ, ಅವರ ಒಲೆ ಅಂತ ಎರಡು ಹೊತ್ತಿಸುವುದು ದಂಡವೆಂದು ಒಂದರಲ್ಲೇ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದೆವು. ಅಂಥ ಒಂದು ಸಂಜೆ ಅವನು ಮಗುವನ್ನು ನನ್ನ ಮಡಿಲಿಗೆ ಹಾಕಿದ.

"ಅಜ್ಜಿ, ನಮ್ಮವ್ವ ಇಲ್ಲಿಲ್ಲ. ಹಲ್ಲು ನೋಡೋ ಕೆಲ್ಸ ನಿಂದೇ."

"ಕೋಳಿ ಕೊಡ್ತೀಯಾ?"

"ಬಿಳೀ ಹುಂಜ."

"ಹುಂಜ ನಿನ್ನ ಮಾವನಿಗೆ ಕೊಡು. ನಂಗೆ ಮೊಟ್ಟೆ ಇಡೋ ಕೋಳಿ ಬೇಕು."

ಅಮೇಲಿಯ ಹೊದ್ದ ಬಟ್ಟೆಯ ಅಂಚು ಕಚ್ಚಿ ನಕ್ಕಳು. ನಮ್ಮಲ್ಲಿ ಮಗುವಿನ ಮೊದಲ ಹಲ್ಲನ್ನು ಅಪ್ಪನ ತಾಯಿಯ ಬೆರಳೇ ಹುಡುಕಬೇಕು, ಸಿಕ್ಕರೆ ಅವಳಿಗೊಂದು ಕೋಳಿ. ಅಪ್ಪ ಬಾಯಿ ತೆರೆದು ನೋಡುವಂತಿಲ್ಲ. ಹಾಲೂಡುವಾಗ ಕಚ್ಚಿಸಿಕೊಂಡರೂ ತಾಯಿ ಹೇಳುವಂತಿಲ್ಲ. ಹಲ್ಲು ಬರುವತನಕ ಮಗು ನೀರು, ಬಂದ ಮೇಲೆ ಮನುಷ್ಯ. ನೀರಾಗಿದ್ದಾಗಲೇ ಹೋದ ಮಗುವನ್ನು ಹೆಂಗಸರು ಹೊಳೆದಂಡೆಯ ಹಸಿಮಣ್ಣಿಗೆ ಒಪ್ಪಿಸಿ ಬರುತ್ತಾರೆ. ಅಪ್ಪ ಬರುವ ಹಾಗಿಲ್ಲ. ಗುರುತಿನ ಕಲ್ಲಿಲ್ಲ, ಗಟ್ಟಿಯಾಗಿ ಅಳುವ ಹಾಗೂ ಇಲ್ಲ. ಅಂಥದನ್ನು ಒಣಮಣ್ಣಿಗೆ ಹಾಕಿದರೆ ತಾಯಿಯ ಬಸಿರು ಒಣಗುತ್ತದೆ. ಹಲ್ಲು ಬಂದದ್ದಾದರೆ ಎಲ್ಲರಂತೆ ಒಣನೆಲದಲ್ಲಿ ಗುಂಡಿ, ಹೆಸರು ಹಿಡಿದು ಕರೆದು ಅಳುವುದು, ಅಪ್ಪನ ಕೈಯ ಮೊದಲ ಹಿಡಿ ಮಣ್ಣು.

ಜೂನ್‌ನಲ್ಲಿ ತಾವೋನನಿಗೆ ಎದೆ ಕಟ್ಟಿತು. ದವಾಖಾನೆಯವರು ಔಷಧಿ ಕೊಟ್ಟರು, ಬೆಚ್ಚಗಿಡಿ ಎಂದರು. ಅಮೇಲಿಯ ಬೆಚ್ಚಗೇ ಇಟ್ಟಿದ್ದಳು. ಎರಡು ದಿನದಿಂದ ಮಗು ಮೊಲೆ ಹಿಡಿದಿರಲಿಲ್ಲ.

ಅವತ್ತು ಹೊತ್ತು ಏರಿದ ಮೇಲೆ ಅಮೇಲಿಯ ಮಂಜಿನೊಳಗಿಂದ ಗಿಡಗಳ ನಡುವೆ ನಡೆದು ಬಂದಳು. ಕಡಿದ ಕಡ್ಡಿಗಳ ಮೊನೆ ಕಾಲಿಗೆ ತಗಲದ ಹಾಗೆ ನೋಡಿಕೊಂಡು, ನಿಧಾನವಾಗಿ. ಬೆನ್ನಿಗೆ ಕೆಂಪು ಕಂಬಳಿಯಲ್ಲಿ ಮಗು.

"ಅಜ್ಜಿ, ಇವನು ಏಳ್ತಿಲ್ಲ. ಬೆನ್ನು ತಟ್ಟಿದೆ, ಕುಣಿಸಿದೆ. ಏಳ್ತಿಲ್ಲ. ಒಸಿ ಬಿಚ್ಚಿ ನೋಡು."

ಬಿಚ್ಚಿ ನೋಡಿದೆ. ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಕತ್ತಿಗಳ ಸದ್ದು ಒಂದೊಂದಾಗಿ ನಿಂತಿತು. ಗಂಡಸರು ದೂರ ಸರಿದರು. ಝಕಾರಿಯ ಮಾತ್ರ ಹತ್ತು ಹೆಜ್ಜೆ ಆಚೆ, ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದ. ಅಲ್ಲಿಂದಲೇ ಹೇಳಿದ.

"ಅಜ್ಜಿ, ಹಲ್ಲು ನೋಡು."

ಅವನು ಏನು ಕೇಳುತ್ತಿದ್ದಾನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನಿಗೆ ಒಂದು ಗುಂಡಿ ಬೇಕಿತ್ತು. ನೀಲಗಿರಿ ಮರಗಳ ಕೆಳಗೆ, ತೋಟದವರನ್ನೆಲ್ಲ ಮಣ್ಣು ಮಾಡುವ ಜಾಗದಲ್ಲಿ, ಭಾನುವಾರ ಹೋಗಿ ಕೂರಬಹುದಾದ ಒಂದು ಗುಂಡಿ.

ತೋರುಬೆರಳು ಬಾಯೊಳಗೆ ಹಾಕಿದೆ. ಒಳಗೆ ಇನ್ನೂ ಬೆಚ್ಚಗಿತ್ತು. ಕೆಳಗಿನ ಒಸಡಿನ ನಡುವೆ ಬೆರಳಿಗೆ ಏನೋ ತಾಗಿತು. ಮೆಕ್ಕೆಜೋಳದ ನುಚ್ಚಿನ ಮೊನೆಯಷ್ಟು. ಮತ್ತೊಮ್ಮೆ ಸವರಿದೆ. ಹಲ್ಲೇ.

ಆಗ ನನಗೆ ನನ್ನ ಮಗು ನೆನಪಾಯಿತು. ಹಲ್ಲು ಮೂಡುವ ಮೊದಲೇ ಯುದ್ಧದ ದಾರಿಯಲ್ಲಿ ಸತ್ತಿತ್ತು. ಹೊಳೆ ಹುಡುಕಿ ಹೋಗಲು ಸೈನಿಕರ ಭಯ. ನನ್ನ ಗಂಡ ಬಿರುಕು ಬಿಟ್ಟ ಹೊಲದಲ್ಲಿ ಗುದ್ದಲಿಯಿಂದ ಮೊಳದುದ್ದ ಕೆತ್ತಿ ಮುಚ್ಚಿದ. ಆಮೇಲೆ ನನ್ನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಎರಡು ವರ್ಷ ಕಾದು, ಅವನು ಬೇರೊಬ್ಬಳ ಮನೆ ಸೇರಿದ. ಊರೆಲ್ಲ ನನ್ನನ್ನು ಅಜ್ಜಿ ಅನ್ನುತ್ತದೆ, ಅವ್ವ ಅಂದವರು ಒಬ್ಬರಿಲ್ಲ. ಹಲ್ಲು ಬಂದ ಮಗುವನ್ನು ಒಣಮಣ್ಣಿಗೆ ಹಾಕಿದರೆ ದೋಷವಿಲ್ಲ, ಅದು ನನಗೂ ಗೊತ್ತು. ಆದರೆ ಹಲ್ಲು ಇದೆಯೋ ಇಲ್ಲವೋ ಎಂದು ನೋಡಲು ಮಣ್ಣಿಗೆ ಬೆರಳಿದೆಯೇ? ಅಮೇಲಿಯಳಿಗೆ ಇಪ್ಪತ್ತೆರಡು ವರ್ಷ.

"ಇಲ್ಲ," ಎಂದೆ.

"ಇನ್ನೊಂದ್ಸಲ ನೋಡಜ್ಜಿ," ಅಮೇಲಿಯ ನನ್ನ ಮೊಣಕೈ ಹಿಡಿದಳು. "ಮೊನ್ನೆ ಕಚ್ಚಿದ ಹಾಗಾಯ್ತು."

"ಬರೀ ಒಸಡೂ ಕಚ್ಚತ್ತೆ, ತಾಯಿ."

ಅವಳು ನನ್ನ ಮುಖ ನೋಡಿದಳು. ನಾನು ಮಗುವಿನ ಬಾಯಿ ಮುಚ್ಚಿದೆ.

ನಮ್ಮ ತೊರೆ ಬರೀ ಬಂಡೆ. ನಾಲ್ವರು ಹೆಂಗಸರು ಬಹಳ ಕೆಳಗೆ ಇಳಿದು, ಮರಳು ನಿಂತ ತಿರುವು ಹುಡುಕಿದೆವು. ಕಂಬಳಿ ಅವನಿಗೇ ಇರಲಿ ಎಂದು ಝಕಾರಿಯ ಹೇಳಿ ಕಳಿಸಿದ್ದ. ತೋಡಿದಂತೆಲ್ಲ ನೀರು ಒಸರುತ್ತಿತ್ತು. ಕೆಂಪು ಬಣ್ಣ ಮೊದಲು ಕಪ್ಪಾಯಿತು, ಆಮೇಲೆ ಕಾಣಲಿಲ್ಲ. ಅಮೇಲಿಯ ಅಳಲಿಲ್ಲ, ಅಳುವ ಹಾಗಿರಲಿಲ್ಲವಲ್ಲ. ಮೇಲೆ ಹತ್ತುವಾಗ ಮಾತ್ರ, ಖಾಲಿ ಬೆನ್ನಿನ ಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿ, ಭಾರ ಹೊತ್ತವಳ ಹಾಗೆ ಬಾಗಿಕೊಂಡೇ ಹತ್ತಿದಳು.

ನಾವು ಬಂದಾಗ ಝಕಾರಿಯ ಇನ್ನೂ ಕಡಿಯುತ್ತಲೇ ಇದ್ದ. ಮನೆಗೆ ಹೋಗು ಎಂದು ಮೇಸ್ತ್ರಿ ಎರಡು ಸಲ ಹೇಳಿದನಂತೆ. ಅವನ ಸಾಲಿನ ಗಿಡಗಳು ಮಂಡಿಯೆತ್ತರಕ್ಕಲ್ಲ, ನೆಲಕ್ಕೆ ಸಮನಾಗಿ ಹೋಗಿದ್ದವು. ಅವು ಇನ್ನು ಚಿಗುರುವಂತಿರಲಿಲ್ಲ. ಮೇಸ್ತ್ರಿ ಅದನ್ನು ನೋಡಿ ಮುಂದೆ ಹೋದ.

ವಾರದ ಮೇಲೆ ಒಲೆಯ ಮುಂದೆ ಝಕಾರಿಯ ಕೇಳಿದ. "ಸರಿಯಾಗಿ ನೋಡಿದ್ಯಾ, ಅಜ್ಜಿ?"

"ನೋಡ್ದೆ."

ಮತ್ತೆ ಕೇಳಲಿಲ್ಲ. ಅವರ ಮನೆಯಲ್ಲಿ ಆ ಹೆಸರೂ ನಿಂತುಹೋಯಿತು. ಮರೀತ ಒಮ್ಮೆ, "ತಾವೋನ ಎಲ್ಲಿ?" ಎಂದದ್ದಕ್ಕೆ, "ನೀರು ತರೋಕೆ ಹೋಗು," ಎಂದಳು ಅವಳವ್ವ.

ಎರಡು ವರ್ಷಕ್ಕೆ ಅಮೇಲಿಯ ಹೆತ್ತಳು. ಹೆಣ್ಣು. ನಾನೇ ಹೊಕ್ಕುಳಬಳ್ಳಿ ಕತ್ತರಿಸಿದೆ. ನನ್ನ ಸುಳ್ಳು ಅವಳ ಬಸಿರು ಉಳಿಸಿತು ಎಂದು ಅವತ್ತು ಎಷ್ಟು ಹಿಗ್ಗಿದೆ! ಆದರೆ ಮಗು ಹಲ್ಲಿನ ವಯಸ್ಸಿಗೆ ಬಂದ ಮೇಲೆ ಅಮೇಲಿಯ ಅದನ್ನು ನನ್ನ ಮಡಿಲಿಗೆ ಹಾಕುವುದನ್ನು ಬಿಟ್ಟಳು. ನಾನು ಕೈ ಚಾಚಿದರೆ, "ಮಲಗಿದೆ, ಬಿಡಜ್ಜಿ," ಅನ್ನುತ್ತಿದ್ದಳು, ಅದು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರೂ.

ಮುಂದಿನ ಕವಾತು ಮುಗಿದು ಅವರು ಊರಿಗೆ ಇಳಿಯುವ ದಿನ ಝಕಾರಿಯ ನನ್ನ ಬಾಗಿಲಿಗೆ ಬಂದ. ಕಂಕುಳಲ್ಲಿ ಬಿಳಿ ಕೋಳಿ.

"ಮೊಟ್ಟೆ ಇಡೋದೇ ತಂದಿದೀನಿ. ಈ ಮಗು ಹಲ್ಲು ಅಮೇಲಿಯಾನೇ ನೋಡ್ಬಿಟ್ಲು. ನಮ್ಮವ್ವನಿಗೆ ಗೊತ್ತಾದ್ರೆ ಬೈತಾಳೆ. ಆದ್ರೂ ಕೋಳಿ ನಿಂದೇ. ಇನ್ನು ನಿಂಗೆ ಕೊಡೋ ಬಾಕಿ ಇಲ್ಲ, ನೋಡು."

ಅವನ ಹಿಂದೆ ಲಾರಿಯ ಹತ್ತಿರ ಅಮೇಲಿಯ ಗಂಟು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

ಇನ್ನೊಂದು ಹಲ್ಲಿನ ಕೋಳಿ ಬಾಕಿ ಇದೆಯಪ್ಪಾ ಎಂದು ಹೇಳಲು ಬಾಯಿ ತೆರೆದೆ. ಅವನು ಕಾದು ನಿಂತ.

"ಒಳ್ಳೇ ದಪ್ಪ ಇದೆ," ಎಂದೆ.

ಅವನು ನಕ್ಕು, ಕೋಳಿಯನ್ನು ನನ್ನ ಕೈಗೆ ಕೊಟ್ಟು ಲಾರಿ ಹತ್ತಿದ.