ಬಾಯಿಬಡುಕಿಯ ಕೈಮಾತು

ಹುಟ್ಟಿದಾಗಿನಿಂದ ಬಾಯಲ್ಲಿ ಒಂದು ಮಾತೂ ಆಡದ ಹೆಂಗಸಿಗೆ ಬಾಯಿಬಡುಕಿ ಎಂದು ಹೆಸರಿಟ್ಟವನು ಅವಳ ಗಂಡನೇ. ಅವನು ಬಡಗಿ. ಅವನಿಗೂ ಕಿವಿ ಕೇಳದು, ಇಬ್ಬರದೂ ಕೈಮಾತು. ಅವಳು ಜಗಳಕ್ಕೆ ನಿಂತಳೆಂದರೆ ಬೆರಳುಗಳ ಆರ್ಭಟ ತಾಳಲಾರದೆ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಪಾರಾಗುತ್ತಿದ್ದ.

ಅಂಥವಳು ಮೆತ್ತಗಾದಳು. ಲಾಂಡ್ರಿಯ ಮೂರನೇ ಮಹಡಿಯಲ್ಲಿ ವರ್ಷಗಟ್ಟಲೆ ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ ಅವಳ ಬಲಗೈಯ ಹೆಬ್ಬೆರಳೂ ಪಕ್ಕದ ಬೆರಳುಗಳೂ ಜೋಮು ಹಿಡಿದಿದ್ದವು. ಮೊದಮೊದಲು ಕೈ ಕೊಡವಿದರೆ ಸರಿಹೋಗುತ್ತಿತ್ತು. ಆಮೇಲೆ ಲೋಟ ಜಾರಿತು, ಮಾತೂ ಜಾರಿತು. ಸೂಜಿ ಕೇಳಿದರೆ ಗಂಡ ಸುತ್ತಿಗೆ ತಂದುಕೊಟ್ಟ. ಅವನು ನಕ್ಕದ್ದೇ ತಡ, ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನಾದಳು. ಮನೆಯಲ್ಲಿ ಜಗಳವೇ ನಿಂತುಹೋಯಿತು. ಆಗ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಕಿವಿ ಕೇಳುವ, ಕೈಮಾತೂ ಬಲ್ಲ ಅವಳ ತಂಗಿಯನ್ನು ಜೊತೆಮಾಡಿ ಫಿಸಿಯೋಥೆರಪಿಗೆ ಕಳಿಸಿದ.

"ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ ಅಮ್ಮಾ, ಅದರೊಳಗೆ ನರ ಅದುಮಿಕೊಂಡಿದೆ," ಎಂದರು ಥೆರಪಿಸ್ಟ್. "ಇನ್ನೂ ಕೈಮೀರಿಲ್ಲ. ಮಲಗೋವಾಗ ಮಣಿಕಟ್ಟು ನೆಟ್ಟಗಿರೋ ಹಾಗೆ ಈ ಪಟ್ಟಿ ಕಟ್ಟಿಕೊಳ್ಳಿ. ಈಗ ನಾನು ಮಾಡಿದ ಹಾಗೆ ಮಾಡಿ."

ಬೆರಳು ನೆಟ್ಟಗೆ, ಆಮೇಲೆ ಕೊಕ್ಕೆ, ಆಮೇಲೆ ಮುಷ್ಟಿ. ಅಷ್ಟರಲ್ಲೇ ಅವಳು ಬಿದ್ದುಬಿದ್ದು ನಕ್ಕಳು.

"ಏನಂತೆ?"

ತಂಗಿ ನಾಲಿಗೆ ಕಚ್ಚಿಕೊಂಡಳು. "ನಮ್ಮ ಮನೆಯ ಕೈಮಾತಲ್ಲಿ ಇದು ಗೋಡೆ, ಬೆಕ್ಕು, ಕಲ್ಲು ಅಂತಾಗುತ್ತೆ ಮೇಡಂ. ತಲೆಕೆಟ್ಟಿರೋದು ತನಗಾ, ನಿಮಗಾ ಅಂತ ಕೇಳ್ತಿದಾಳೆ."

"ದಿನಾ ಅದನ್ನೇ ಹೇಳೋಕೆ ಹೇಳಿ. ಮಿಕ್ಕ ಮಾತು ನಿಧಾನವಾಗಿ ಬರುತ್ತೆ," ಎಂದು ಅವರೂ ನಕ್ಕರು.

ವಾರಗಳು ಉರುಳಿದರೂ ಏನೂ ಆದಂತೆ ಕಾಣಲಿಲ್ಲ. ಒಮ್ಮೆ ಸಿಟ್ಟಿನಲ್ಲಿ ಪಟ್ಟಿಯನ್ನೇ ಎಸೆದಳು. ಗಂಡ ಅದನ್ನು ಎತ್ತಿ ತಂದು ಎದುರಿಗೆ ಕೂತು, ತಾನೂ ಗೋಡೆ, ಬೆಕ್ಕು, ಕಲ್ಲು ಎಂದ. ಆಮೇಲಾಮೇಲೆ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ದಾರದ ಗಂಟು ಬೆರಳ ತುದಿಗೆ ತಾಕಿದ್ದು ಗೊತ್ತಾಯಿತು. ಅವಳು ಅದನ್ನೇ ಸವರುತ್ತಾ ನಿಂತುಬಿಟ್ಟಳು.

ಇಸ್ತ್ರಿ ಮಾಡುವ ಮೇಜು ತಗ್ಗಾಗಿರುವುದರಿಂದಲೇ ಮಣಿಕಟ್ಟು ಬಾಗುತ್ತಿದೆ ಎಂದು ಥೆರಪಿಸ್ಟ್ ಹೇಳಿದರು. ಲಾಂಡ್ರಿಯ ಯಜಮಾನ ಒಪ್ಪಿದ. ಗಂಡ ಎತ್ತರದ ಮೇಜು ಮಾಡಿದ. ಆದರೆ ಅದು ಮೆಟ್ಟಿಲ ತಿರುವಿನಲ್ಲಿ ಹಿಡಿಸಲಿಲ್ಲ. ಕೊನೆಗೆ ಹಗ್ಗ ಕಟ್ಟಿ ಹೊರಗಿನಿಂದ ಕಿಟಕಿಗೇ ಎಳೆಯುವುದೆಂದಾಯಿತು. ಒಳಗೆ ಯಂತ್ರಗಳ ಗದ್ದಲ, ಕೆಳಗೆ ವಾಹನಗಳ ಗದ್ದಲ. ಮೇಲೆ ಹಗ್ಗ ಎಳೆಯುವವರ ಕೂಗು ಮೇಜು ಗೋಡೆಗೆ ಬಡಿಯದಂತೆ ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತ ಕೂಲಿಗಳಿಗೆ ಕೇಳದು. ಮೇಜು ನಡುಗಾಳಿಯಲ್ಲಿ ಓಲಾಡಿತು.

ಅವಳು ಕಿಟಕಿಯಿಂದ ಬಾಗಿ ಕೈ ಎತ್ತಿದಳು. ಎಡಕ್ಕೆ. ಕಾಲು ಮೇಲಕ್ಕೆ. ನಿಲ್ಲಿಸು! ಈಗ ಸಡಿಲ ಬಿಡು, ನಿಧಾನ. ಒಂದೊಂದು ಮಾತೂ ಹರಿತವಾಗಿ ಬೀದಿಗಿಳಿಯಿತು. ಕೆಳಗೆ ನಿಂತ ಗಂಡ ಕೂಲಿಗಳ ಹೆಗಲು ತಟ್ಟಿ ತಟ್ಟಿ ಅದನ್ನೇ ಮಾಡಿಸಿದ. ಮೇಜು ಗೀರೂ ಬೀಳದಂತೆ ಒಳಗೆ ಬಂತು. ಬೀದಿಯ ಜನ ಚಪ್ಪಾಳೆ ತಟ್ಟಿದರು.

ಅವಳು ಮಾತ್ರ ನಿಲ್ಲಿಸಲಿಲ್ಲ. "ಅಳತೆ ನೋಡದೆ ಮೇಜು ಮಾಡ್ತಾರಾ? ಮೆಟ್ಟಿಲು ಕಣ್ಣಿಗೆ ಬಿದ್ದಿರಲಿಲ್ವಾ?" ಎಂದು ಶುರುಮಾಡಿ, ಇಷ್ಟು ದಿನ ಬಾಕಿ ಉಳಿಸಿಕೊಂಡಿದ್ದನ್ನೆಲ್ಲಾ ಅಲ್ಲಿಂದಲೇ ಸುರಿದಳು.

ಗಂಡ ನಡುಬೀದಿಯಲ್ಲಿ ತಲೆಯೆತ್ತಿ ನಿಂತಿದ್ದ. ಕಣ್ಣು ತುಂಬಿ ಬಂದರೂ ರೆಪ್ಪೆ ಮಿಟುಕಿಸಲಿಲ್ಲ.