ಮಗುಚಿ ಹಾಕಿದ ಒಗೆಯುವ ಕಲ್ಲು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಹಿರೇಕಟ್ಟೆಯ ಮೂಡಲಿಗಿದ್ದ ಬೋಳುಬಂಡೆಯ ಮೇಲೆ ಕಲ್ಲುಕುಟಿಗರು ಒಣಸೌದೆ ಹಾಸಿ ಬೆಂಕಿ ಕೊಟ್ಟಿದ್ದರು. ಬಂಡೆ ಕಾದು ಒಳಗೊಳಗೇ ಬಿರಿದಿತ್ತು. ಒಬ್ಬ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಸದ್ದಿಗೆ ಕಿವಿಗೊಟ್ಟು ನಡೆಯುತ್ತಿದ್ದ. ಟೊಳ್ಳು ಸದ್ದು ಕೇಳಿದಲ್ಲಿ ಇದ್ದಿಲಿನ ಗೆರೆ ಎಳೆಯುತ್ತಿದ್ದ. ಅವನ ಹಿಂದೆ ಇನ್ನೊಬ್ಬ ಆ ಗೆರೆಯ ಮೇಲೆ ಉಳಿಯಿಂದ ಗುಳಿ ತೋಡುತ್ತ ಬರುತ್ತಿದ್ದ. ಅವರು ಮುದ್ದೆ ಉಣ್ಣಲು ಕೂರುವ ಹೊತ್ತಿಗೆ ನಾನು ತಾಯಿಬಂಡೆಯಿಂದ ಬೇರೆಯಾಗಿದ್ದೆ. ಅದೇ ನನ್ನ ಹುಟ್ಟು. ನಾನು ಒಂದು ಒಗೆಯುವ ಕಲ್ಲು.

ನನ್ನನ್ನು ಕೊಂಡವನು ಮಡಿವಾಳರ ಮಾಚಯ್ಯ. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿ ಕೆರೆಯ ಕೋಡಿಯಿಂದ ಇಳಿದು ಬರುವ ಕಾಲುವೆಯ ದಡದಲ್ಲಿ ಇಳಿಸಿದ. ತಲೆಭಾಗ ಎತ್ತರ, ಕಾಲಭಾಗ ನೀರಿಗೆ ಇಳಿಜಾರು. ಹೊಸದರಲ್ಲಿ ನನ್ನ ಮೈ ತರಕಲು. ಮಾಚಯ್ಯ ವಾರಗಟ್ಟಲೆ ಮರಳು ಹಾಕಿ ತಿಕ್ಕಿದ. ಆಮೇಲೂ ಬರೀ ಗೋಣಿತಾಟು ಒಗೆದ. ನನ್ನ ಮುಖ ನುಣ್ಣಗಾದ ಮೇಲೇ ಊರಿನವರ ಬಟ್ಟೆಯನ್ನು ನನ್ನ ಮೇಲೆ ಎತ್ತಿ ಬಡಿದದ್ದು.

ಆಮೇಲೆ ನಾನು ಕಾಣದ ಕೊಳೆ ಇಲ್ಲ. ಪಂಚಾಯಿತಿಯಲ್ಲಿ ಮೀಸೆ ತಿರುವುವವರ ಪಂಚೆಯೂ ಬಂತು, ಪೂಜೆಗೆ ಕೂರುವವರ ಮಡಿಯೂ ಬಂತು, ನಾಟಕದ ರಾಜನ ಪೋಷಾಕೂ ಬಂತು. ಮೇಲೆ ಎಷ್ಟು ಜರಿ ಇದ್ದರೂ ಒಳಮಗ್ಗುಲು ಎಲ್ಲರದೂ ಒಂದೇ ನಾತ. ಹೀಗಾಗಿ ದೊಡ್ಡ ಮನುಷ್ಯರ ಮೇಲಿನ ಗೌರವ ನನ್ನಲ್ಲಿ ಬಹಳ ಬೇಗ ಸವೆಯಿತು. ಅದು ನನ್ನ ತಪ್ಪಲ್ಲ. ಒಗೆಯಲು ತಂದು ಹಾಕಿದವರು ಅವರು.

ಮಾಚಯ್ಯನ ಮನೆಗೆ ಸೊಸೆ ಬಂದಳು, ಮಾಚಮ್ಮ. ಬಂದ ವರ್ಷವೇ ಮಾವ ಅವಳನ್ನು ನನ್ನ ಪಕ್ಕ ನಿಲ್ಲಿಸಿಕೊಂಡು ನಡೆಮಡಿ ಹಾಸುವ ಕ್ರಮ ಹೇಳಿಕೊಟ್ಟ. ದೇವರು ಹೊರಟಾಗ, ಮದುಮಗ ಮನೆತುಂಬುವಾಗ, ಅವರ ಕಾಲಿಗೆ ಮಣ್ಣು ತಾಗದಂತೆ ಮುಂದೆ ಮುಂದೆ ಮಡಿ ಸೀರೆ ಹಾಸುತ್ತ ಹೋಗುವುದು ಮಡಿವಾಳರ ಹಕ್ಕು.

"ದೇವ್ರಿಗೂ ಮದುಮಗಂಗೂ ಹಾಸುವಾಗ ಸೆರಗು ಮುಂದ್ಕಿರ್ಬೇಕು ಕಣವ್ವ. ಚಟ್ಟದ ಮುಂದೆ ಹಾಸುವಾಗ ಸೆರಗು ಹಿಂದ್ಕೆ. ಹೆಣಕ್ಕೆ ಹಾಸಿದ ಸೀರೆ ಮನೆಗೆ ವಾಪಸ್ ತರಕೂಡ್ದು. ಈ ಕಲ್ಲಿಗೂ ಮುಟ್ಟಿಸಕೂಡ್ದು."

"ಮರ್ತು ಅದ್ಲುಬದ್ಲು ಆಗೋದ್ರೆ ಮಾವ?"

"ಮದುಮಗನ್ನ ಬದುಕಿದ್ದಂಗೇ ಮಣ್ಣಿಗೆ ಕಳಿಸ್ದಂಗೆ ಆಯ್ತದೆ. ಮರೀಬ್ಯಾಡ."

ಇನ್ನೊಂದು ಕಟ್ಟಳೆಯನ್ನೂ ಹೇಳಿದ. ಒಗೆಯುವ ಕಲ್ಲಿನ ಮೇಲೆ ಅಂಗೈಯಿಟ್ಟು ಆಡಿದ ಮಾತು ಸಾಲವಿದ್ದ ಹಾಗೆ, ಬಾಕಿ ಉಳಿಸುವಂತಿಲ್ಲ.

ಮಾಚಯ್ಯ ಹೋದ. ಅವನ ಮಗನೂ ಹೋದ. ಮಾಚಮ್ಮ ಉಳಿದಳು, ನಾನು ಉಳಿದೆ. ಊರು ಪಟ್ಟಣವಾಯಿತು. ಕಾಲುವೆಯ ಆಚೆ ಚಿಕ್ಕೇಗೌಡರ ಭತ್ತದ ಗದ್ದೆ ಇತ್ತು. ಗೌಡರು ಅದನ್ನು ಮಾರಿದರು. ಅಲ್ಲಿ ಚೈತನ್ಯ ಬಡಾವಣೆ ಎದ್ದಿತು. ಮನೆ ಕಟ್ಟಿದವರೆಲ್ಲ ಮುಂಬಾಗಿಲಿಗೆ ತೇಗದ ಕೆತ್ತನೆ ಹಾಕಿಸಿ, ಹಿಂದಿನಿಂದ ಕಕ್ಕಸಿನ ಕೊಳವೆಯನ್ನು ಕಾಲುವೆಗೆ ಬಿಟ್ಟರು. ನೀರು ಕಪ್ಪಾಯಿತು. ಮಾಚಮ್ಮ ದಡದಲ್ಲಿ ತೊಟ್ಟಿ ಕಟ್ಟಿಸಿ, ಬೋರಿನ ನೀರು ತುಂಬಿಸಿಕೊಂಡು ಒಗೆದಳು. ಉಳಿದ ಮಡಿವಾಳರು ಅಂಗಡಿ ಹಿಡಿದು ಇಸ್ತ್ರಿಪೆಟ್ಟಿಗೆಗೆ ಇಳಿದರು. ಒಂದು ನರ್ಸಿಂಗ್ ಹೋಮಿನ ಹಾಸಿಗೆ ಬಟ್ಟೆ, ಕಲ್ಯಾಣಮಂಟಪದ ಜಮಖಾನೆ, ಇಷ್ಟರಲ್ಲಿ ಮಾಚಮ್ಮನ ಒಲೆ ಉರಿಯುತ್ತಿತ್ತು. ಅದಕ್ಕೆ ಒಗೆಯುವ ಜಾಗ ಬೇಕು. ನಾನು ಬೇಕು.

ಹೀಗಿರುವಾಗ ಬಡಾವಣೆಯವರಿಗೆ ಒಂದು ಭಾನುವಾರ ಕಾಲುವೆ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಮೂಗಿಗೆ ಮಾತ್ರ ಬಿದ್ದಿತ್ತು. ಹಸಿರು ಹಾದಿ ಸಮಿತಿ ಹುಟ್ಟಿತು. ಕೆರೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಕಾಲುವೆಯ ಉದ್ದಕ್ಕೂ ಉದ್ಯಾನ, ನಡೆಯುವ ಹಾದಿ, ಸಾಲುಮರ. ಅಧ್ಯಕ್ಷರು ಪ್ರಭಾಕರ್, ನಿವೃತ್ತ ಇಂಜಿನಿಯರು. ಊರ ಹಿರಿಯರು ಒಬ್ಬರಿರಲಿ ಎಂದು ಚಿಕ್ಕೇಗೌಡರನ್ನೂ ಸೇರಿಸಿಕೊಂಡರು. ಸಭೆಯಲ್ಲಿ ಅವರಿಗೆ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಮಾತು ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಕೈಗೆ ರಬ್ಬರ್ ಗವಸು ಏರಿಸಿಕೊಂಡು ಬರುತ್ತಿದ್ದರು. ಒಬ್ಬರು ಪ್ಲಾಸ್ಟಿಕ್ ಕವರ್ ಎತ್ತಿದರೆ ಇನ್ನೊಬ್ಬರು ಫೋಟೋ ತೆಗೆಯುತ್ತಿದ್ದರು. ಫೋಟೋ ಚೆನ್ನಾಗಿ ಬರದಿದ್ದರೆ ಕವರನ್ನು ಮತ್ತೆ ಕೆಳಗಿಟ್ಟು ಮತ್ತೆ ಎತ್ತುತ್ತಿದ್ದರು. ಹೊಂಗೆ ಸಸಿ ನೆಟ್ಟು ಒಂದೊಂದಕ್ಕೂ ತಮ್ಮ ಮೊಮ್ಮಕ್ಕಳ ಹೆಸರಿನ ಫಲಕ ತೂಗುಹಾಕಿದರು. ಬೇಸಿಗೆಯಲ್ಲಿ ಸಸಿಗಳು ಒಣಗಿದವು. ಹೆಸರುಗಳು ಮಾತ್ರ ಅಲ್ಲಾಡದೆ ನಿಂತಿದ್ದವು. ಆ ಸಸಿಗಳಲ್ಲಿ ಬದುಕಿ ಉಳಿದವು ಮಾಚಮ್ಮನ ತೊಟ್ಟಿಯ ನೀರು ಹರಿದುಹೋಗುವ ಕಡೆ ಇದ್ದವಷ್ಟೆ. ಅದೇ ನೀರಿನ ಸೋಪಿನ ನೊರೆಯನ್ನು ತೋರಿಸಿ ಪ್ರಭಾಕರ್ ಒಂದು ದಿನ ಅಂದರು, "ಕಾಲುವೆ ಕೆಟ್ಟಿರೋದೇ ಇದರಿಂದ." ಅವರು ನಿಂತು ಮಾತಾಡುತ್ತಿದ್ದ ಜಾಗದ ಎದುರಿಗೇ ಅವರ ಮನೆಯ ಕೊಳವೆ ಗೊಳಗೊಳ ಅನ್ನುತ್ತಿತ್ತು.

ಒಗೆಯುವವರು ಜಾಗ ಬಿಡದೆ ಕೆಲಸ ಶುರುವಾಗದು ಎಂದು ನಗರಸಭೆಯವರು ಹೇಳಿದ್ದರು. ಪ್ರಭಾಕರ್ ಮಾಚಮ್ಮನ ಬಳಿ ಬಂದರು. ದನಿಗೆ ಬೆಣ್ಣೆ ಸವರಿಕೊಂಡು ಬಂದಿದ್ದರು.

"ನೋಡಮ್ಮಾ, ನಾವೇನು ನಿಮ್ಮನ್ನ ಓಡಿಸೋಕೆ ಬಂದಿಲ್ಲ. ಈ ಹಾದಿ ನಿಮ್ಮದೂ ಹೌದು."

"ನನ್ದಾದ್ರೆ ನನ್ ಪಾಡಿಗೆ ಬುಟ್ಬುಡಿ ಸಾಮಿ."

"ಕೆಲಸ ಮುಗಿಯೋವರೆಗೆ ಮಾತ್ರ. ಆಮೇಲೆ ಇಲ್ಲೇ ನಿಮಗೆ ಬಟ್ಟೆ ಒಗೆಯೋಕೆ ಒಂದು ಚಿಕ್ಕ ಘಾಟ್. ನಲ್ಲಿ ಸಮೇತ. ಈ ಕಲ್ಲೂ ನಿಮಗೇ."

"ಬಾಯ್ಮಾತ್ನಲ್ಲಿ ಬ್ಯಾಡ. ಕಲ್ಲಿನ್ ಮ್ಯಾಲೆ ಕೈಯಿಟ್ಟು ಹೇಳಿ."

ಪ್ರಭಾಕರ್ ಸುತ್ತ ಇದ್ದವರ ಕಡೆ ನೋಡಿ ನಕ್ಕರು. ಇಂಥದ್ದು ಅವರಿಗೆ ಇಷ್ಟ. ಬಗ್ಗಿ, ಮೆತ್ತನೆಯ ಅಂಗೈಯನ್ನು ನನ್ನ ಮುಖದ ಮೇಲಿಟ್ಟು, "ಇಟ್ಟೆ. ಘಾಟ್ ಕಟ್ಟಿಸಿಕೊಡ್ತೀನಿ" ಎಂದರು. ಆಮೇಲೆ ಕೈಗೆ ಏನೋ ಅಂಟಿದ ಹಾಗೆ ಕರ್ಚೀಫಿನಲ್ಲಿ ಒರೆಸಿಕೊಂಡರು.

ಮಾಚಮ್ಮ ತೊಟ್ಟಿ ಬಿಟ್ಟು ಹೋದಳು. ಊರಾಚೆ ಕಲ್ಲುಗಣಿಯ ಗುಂಡಿಯ ನೀರಿಗೆ ಆಟೋದಲ್ಲಿ ಗಂಟು ಹೇರಿಕೊಂಡು ಹೋಗಿ ಒಗೆಯತೊಡಗಿದಳು ಎಂದು ಕೇಳಿದೆ.

ಕೆಲಸ ಶುರುವಾಯಿತು. ನಾತ ಹೋಗಬೇಕಲ್ಲ, ಅದಕ್ಕೆ ಕಾಲುವೆಯನ್ನೇ ಸಿಮೆಂಟಿನ ಕೊಳವೆಗೆ ತುರುಕಿ ಮೇಲೆ ಮಣ್ಣು ಮುಚ್ಚಿದರು. ಮಣ್ಣಿನ ಮೇಲೆ ಹುಲ್ಲಿನ ಚಾಪೆ, ಚಾಪೆಯ ನಡುವೆ ಕೆಂಪು ಟೈಲ್ಸಿನ ಹಾದಿ, ಹಾದಿಯ ಬಾಗಿಲಲ್ಲಿ 'ಕಾಲುವೆ ಉಳಿಸಿ' ಎಂಬ ಫಲಕ. ಮಾಚಮ್ಮನ ತೊಟ್ಟಿಯನ್ನು ಜೆಸಿಬಿ ಒಂದೇ ಗುದ್ದಿಗೆ ಕೆಡವಿತು. ನನ್ನನ್ನು ಎತ್ತಿದಾಗ ಪ್ರಭಾಕರ್ ಅಲ್ಲೇ ಇದ್ದರು.

"ಇದನ್ನ ಬಿಸಾಡಬೇಡಿ. ಹಳೇ ಕಾಲದ್ದು. ಬೆಂಚ್ ಮಾಡೋಣ."

ಮೇಸ್ತ್ರಿ ನನ್ನನ್ನು ಇದ್ದ ಹಾಗೆಯೇ ಇಳಿಸಲು ಹೊರಟ. ಪ್ರಭಾಕರ್ ತಡೆದರು. "ಅಯ್ಯೋ, ಈ ಕಡೆ ಎಲ್ಲಾ ಸವೆದು ಹಾಳಾಗಿದೆಯಲ್ಲಯ್ಯ. ಮಗುಚಿ ಹಾಕು. ಹಿಂಭಾಗ ಹೊಸದರ ಹಾಗಿದೆ."

ಎರಡು ತಲೆಮಾರಿನ ಕೈ ನುಣುಪು ಮಾಡಿದ ನನ್ನ ಮುಖವನ್ನು ಹಸಿ ಸಿಮೆಂಟಿನೊಳಗೆ ಒತ್ತಿದರು. ಅವರು ಕೈಯಿಟ್ಟು ಮಾತು ಕೊಟ್ಟ ಜಾಗವೂ ಅದರೊಳಗೇ ಹೋಯಿತು. ಎಂದೂ ಬೆಳಕು ಕಾಣದ ನನ್ನ ಒರಟು ಬೆನ್ನು ಮೇಲಾಯಿತು. ಅದರ ಮೇಲೆ 'ಪಾರಂಪರಿಕ ಶಿಲೆ' ಎಂದು ಹಿತ್ತಾಳೆ ತಗಡು ಬಡಿದರು. ಕೂತವರ ಬಟ್ಟೆ ಹಿಂಜಿಹೋಗುತ್ತಿತ್ತು. ಅಷ್ಟು ಸಮಾಧಾನ ನನಗೆ. ಸಿಮೆಂಟಿನಿಂದ ಹೊರಗುಳಿದ ಅಂಚಿನಲ್ಲಿ ಮಾತ್ರ ಲೋಕ ಕಾಣುತ್ತದೆ, ಅದೂ ಚಪ್ಪಲಿಯ ಮಟ್ಟದಲ್ಲಿ. ನೋಡಲು ಅಷ್ಟು ಸಾಕು.

ಉದ್ಘಾಟನೆಗೆ ಶಾಸಕರು ಬರುವವರಿದ್ದರು. ಜಾನಪದ ಕಳೆ ಬರಲಿ ಎಂದು ಸಮಿತಿಗೆ ನಡೆಮಡಿಯ ಯೋಚನೆ ಬಂತು. ಮಾಚಮ್ಮನಿಗೆ ಹೇಳಿಕಳಿಸಿದರು. ಅವಳು ಬಂದಳು. ಬರಿಗಾಲು ಹಾದಿಯುದ್ದಕ್ಕೂ ನಿಧಾನವಾಗಿ ನಡೆದು ನನ್ನ ಬಳಿ ನಿಂತವು. ಬಗ್ಗಿ ನನ್ನ ಅಂಚನ್ನು ಸವರಿದಳು, ಗುರುತು ಹಿಡಿದಳು. ಪ್ರಭಾಕರರ ಶೂ ಪಕ್ಕಕ್ಕೆ ಬಂದು ನಿಂತಿತು.

"ಘಾಟ್ ಎಲ್ಲಿ ಸಾಮಿ?"

"ಅದಾ? ಡಿಸೈನ್‌ನಲ್ಲಿ ಕೂರಲಿಲ್ಲಮ್ಮಾ. ಬಟ್ಟೆ ಒಣಗ್ತಾ ಇದ್ರೆ ವಾಕಿಂಗ್ ಮಾಡೋರಿಗೆ ಮುಜುಗರ. ಆದ್ರೆ ನಿಮ್ಮನ್ನ ಮರೆತಿಲ್ಲ, ವೇದಿಕೆ ಮೇಲೆ ಸನ್ಮಾನ ಇದೆ."

"ಕಲ್ಲಿನ್ ಮ್ಯಾಲೆ ಕೈಯಿಟ್ಟಿದ್ರಿ."

"ಹೌದಲ್ವಾ? ಅದರ ಫೋಟೋ ಚೆನ್ನಾಗಿ ಬಂದಿದೆ. ದೊಡ್ಡದು ಮಾಡ್ಸಿ ಹಾಕಿದ್ದೀವಿ ನೋಡಿ, ಗೇಟ್ ಹತ್ರ."

ಮಾಚಮ್ಮನ ಬರಿಗಾಲು ಗೇಟಿನ ಕಡೆ ತಿರುಗಲಿಲ್ಲ. ಆಮೇಲೆ, "ಆಗ್ಲಿ ಸಾಮಿ, ಹಾಸ್ತೀನಿ. ನೀವು ಮುಂದ್ಗಡೆ ನಡೀಬೇಕು" ಎಂದಳು.

ಶಾಸಕರು ಬಂದರು. ವಾಲಗ ಊದಿದರು. "ಶೂ ಇರ್ಲಿ ಸಾರ್, ಟೈಲ್ಸ್ ಕಾದಿದೆ" ಎಂದು ಪ್ರಭಾಕರರ ದನಿ ಕೇಳಿತು. ಶೂಗಳು ಸಾಲುಗಟ್ಟಿದವು. ಮಾಚಮ್ಮ ಬಗ್ಗಿ ಮೊದಲ ಸೀರೆ ಬಿಡಿಸಿದಳು. ನನ್ನ ಅಂಚಿನ ಎದುರಿಗೇ ಹಾಸಿದಳು, ಹಾಗಾಗಿ ನಾನು ಕಂಡದ್ದರಲ್ಲಿ ತಪ್ಪಿಲ್ಲ.

ಸೆರಗು ಹಿಂದಕ್ಕಿತ್ತು.

ಎರಡನೆಯದು ಹಾಸಿದಳು; ಸೆರಗು ಹಿಂದಕ್ಕೆ. ಮೂರನೆಯದೂ ಹಾಗೇ. ಪ್ರಭಾಕರ್ ಮದುಮಗನಂತೆ ಹೆಜ್ಜೆ ಇಡುತ್ತ ಹೋದರು. ಶಾಸಕರು ಜೈಕಾರದ ನಡುವೆ ಹೋದರು. ಸಮಿತಿಯವರು ಫೋಟೋಗೆ ನಿಂತು ನಿಂತು ಹೋದರು. ವಾಲಗದ ಮುಂದೆ ಸಾಲಾಗಿ, ಸಂತೋಷವಾಗಿ, ತಮ್ಮ ಕಾಲಲ್ಲೇ ನಡೆದು ಹೋದರು. ಅಷ್ಟು ಕಳೆಕಳೆಯಾದ ಶವಯಾತ್ರೆಯನ್ನು ನಾನು ಕಂಡಿರಲಿಲ್ಲ.

ಕೊನೆಯಲ್ಲಿ ಒಂದು ಜೋಡಿ ಹಳೆಯ ಎಕ್ಕಡ ಬಂತು. ಸೀರೆಯ ಮೇಲೆ ಎರಡು ಹೆಜ್ಜೆ ಇಟ್ಟು ಗಕ್ಕನೆ ನಿಂತಿತು. ಸೆರಗಿನ ಕಡೆ ತಿರುಗಿತು. ಆಮೇಲೆ ಕೆಂಡ ತುಳಿದಂತೆ ಪಕ್ಕದ ಹುಲ್ಲಿಗೆ ಹಾರಿ, ಮುಂದಕ್ಕೆಲ್ಲ ಹುಲ್ಲಿನ ಮೇಲೇ ನಡೆಯಿತು. ಚಿಕ್ಕೇಗೌಡರು.

ಸನ್ಮಾನದ ಶಾಲಿನ ತುದಿ ಇಳಿಬಿಟ್ಟುಕೊಂಡು ಮಾಚಮ್ಮ ಆಮೇಲೆ ನನ್ನ ಬೆನ್ನಿನ ಮೇಲೆ ಬಂದು ಕೂತಳು. ಗೌಡರು ಎದುರಿಗೆ ಬಂದು ನಿಂತರು.

"ಸೆರಗು ನೋಡ್ದೆ ಕಣಮ್ಮಿ."

"ನೋಡಿದ್ರೆ ನೋಡ್ದ್ರಿ ಬುಡಿ ಗೌಡ್ರೆ."

"ನಾನೂ ಎರಡು ಹೆಜ್ಜೆ ಇಟ್ಬುಟ್ನಲ್ಲೇ!"

"ಗದ್ದೆ ಮಾರ್ದೋರು ನೀವಲ್ವಾ? ನಿಮ್ಗೂ ಎರಡು ಹೆಜ್ಜೆ ಸಲ್ಬೇಕಾಗಿತ್ತು."

ಗೌಡರ ಎಕ್ಕಡ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಮಾಚಮ್ಮ ಎದ್ದಳು. "ನಂಗ್ ಬರ್ಬೇಕಾದ ಬಾಕಿ ತೀರ್ತು" ಎಂದು, ಹಾಸಿದ ಸೀರೆಗಳನ್ನು ಮುಟ್ಟದೆ, ಹಿಂದೆ ತಿರುಗಿ ನೋಡದೆ ಹೋದಳು. ಹೆಣಕ್ಕೆ ಹಾಸಿದ್ದನ್ನು ಮನೆಗೆ ಒಯ್ಯುವವಳಲ್ಲ ಅವಳು. ಮಾವನ ಮಾತನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡಿದ್ದಾಳೆ.

ಸಮಿತಿಯವರು ಆ ಸೀರೆಗಳನ್ನು ವ್ಯರ್ಥ ಮಾಡಲಿಲ್ಲ. ಈಗ ಸಮಿತಿಯ ಕಚೇರಿಯ ಕಿಟಕಿಗೆ ಪರದೆಯಾಗಿವೆಯಂತೆ. ಕಾವಲುಗಾರ ಯಾರಿಗೋ ಹೇಳುತ್ತಿದ್ದ. ಬಹಳ ಕಳೆ ಬಂದಿದೆ ಎಂದು ಎಲ್ಲರೂ ಹೊಗಳುತ್ತಾರಂತೆ.

ಮಾಚಮ್ಮನ ಲೆಕ್ಕ ಮುಗಿಯಿತು. ನನ್ನದು ಮುಗಿದಿಲ್ಲ. ಅವರ ಅಂಗೈ ಬಿದ್ದದ್ದು ನನ್ನ ಮುಖದ ಮೇಲೆ. ಮಳೆ ಜೋರಾದಾಗ ಕೆಳಗಿನ ಕೊಳವೆಯಲ್ಲಿ ನೀರು ಕಟ್ಟಿಕೊಂಡು ಒದ್ದಾಡುವುದು ನನಗೆ ಕೇಳುತ್ತದೆ. ಕೆರೆಯ ಕೋಡಿ ಬಿದ್ದರೆ ಆ ಕೊಳವೆ ಸಾಲದು. ಟೈಲ್ಸಿನ ಅಡಿಯಲ್ಲಿ ಮಣ್ಣು ಆಗಲೇ ಕುಸಿಯತೊಡಗಿದೆ. ಬೆಳಗಿನ ಹೊತ್ತು ಶೂಗಳು ಅದರ ಮೇಲೆ ಆರೋಗ್ಯಕ್ಕಾಗಿ ಬಿರುಸಾಗಿ ನಡೆಯುತ್ತವೆ. ನಾನು ಮುಖ ಕೆಳಗೆ ಮಾಡಿಕೊಂಡು ನೀರಿನ ಸದ್ದು ಕೇಳುತ್ತೇನೆ. ನನ್ನನ್ನು ಮಗುಚಬೇಕಾದದ್ದು ಇನ್ನು ಆ ನೀರೇ.