ದಿಬ್ಬದ ಕಸ

ಜರಡಿಯಲ್ಲಿ ಈ ಸಲವೂ ಉಳಿದದ್ದು ಬೆಣಚುಕಲ್ಲಿನ ಚೂರುಗಳೇ. ಲೊರೀನ್ ಗರಾಟ್ ಅವನ್ನು ಅಂಗೈಗೆ ಸುರಿದುಕೊಂಡು, ಒಮ್ಮೆ ಬೆರಳಾಡಿಸಿ, ಗಾಳಿಗೆ ಚೆಲ್ಲಿದಳು. ಬೇಲಿಯೊಳಗಿನ ಮರಳು ತೊಳೆದಿಟ್ಟ ಹಾಗೆ ನುಣುಪಾಗಿತ್ತು. ಅದರ ಮೇಲೆ ಚಕ್ರದ ಒಂದು ಗೆರೆಯೂ ಇರಲಿಲ್ಲ. ಒಳಗೆ ಒಂದು ಹುಳವೂ ಇರಲಿಲ್ಲ.

ಬೇಲಿಯ ಆಚೆ, ಮರಳುದಿಬ್ಬ ಹತ್ತಿಳಿಯುವ ತನ್ನ ಮೋಟಾರು ಬಂಡಿಯಲ್ಲಿ ಕಾಲು ಚಾಚಿ ಕುಳಿತಿದ್ದವನು ಬರ್ಲ್ ಹ್ಯಾಸ್ಕೆಟ್, ಸೋಡಾ ಫ್ಲಾಟ್ ಊರಿನ ಬಂಡಿ ಸವಾರರ ಸಂಘದ ಯಜಮಾನ. ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ಡಬ್ಬಿಯೊಳಗೆ ಉಗುಳುತ್ತಿದ್ದ. ದಿಬ್ಬದ ಮೇಲೆ ಉಗುಳುವ ಜಾತಿಯವನಲ್ಲ ಅವನು.

"ಸಿಕ್ತಾ, ಹುಳದಮ್ಮ?"

"ಇಲ್ಲ."

"ನಮ್ಮ ಬಂಡಿ ಓಡಾಡೋ ಕಡೆ ಹೋಗಿ ಜರಡಿ ಹಿಡಿ, ಸಿಗುತ್ತೆ. ಇಂಜಿನ್ ಸದ್ದು ಕೇಳಿದ್ರೇನೇ ಅದು ಮೊಟ್ಟೆ ಇಡೋದು ಅಂತ ಬರ್ಕೊ."

ಕುಹಕದ ಮಾತೇ ಆದರೂ ಅದರಲ್ಲಿ ನಿಜವಿತ್ತು. ಅವಳನ್ನು ಇರಿದದ್ದು ಆ ನಿಜ.

ನೆವಾಡಾ ಮರಳುಗಾಡಿನ ಆ ಒಂದು ದಿಬ್ಬವನ್ನು ಬಿಟ್ಟರೆ, ಅವಳು ಹುಡುಕುತ್ತಿದ್ದ ಮರಳು ಜೀರುಂಡೆಗೆ ಲೋಕದಲ್ಲಿ ಬೇರೆ ನೆಲೆಯಿಲ್ಲ. ಉಗುರಿನಷ್ಟು ಗಾತ್ರ, ಒಣಹುಲ್ಲಿನ ಬಣ್ಣ. ವಸಂತದ ಮುಸ್ಸಂಜೆಗಳಲ್ಲಿ ಮರಳಿನಿಂದೆದ್ದು ಚೂರು ಹೊತ್ತು ಹಾರಾಡಿ ಮತ್ತೆ ಮರಳನ್ನೇ ಸೇರುತ್ತದೆ. ವರ್ಷದಿಂದ ವರ್ಷಕ್ಕೆ ಅದು ವಿರಳವಾಗುತ್ತ ಬಂದಿತ್ತು. ಅಳಿವಿನಂಚಿನ ಜೀವಿಗಳ ಪಟ್ಟಿಗೆ ಅದನ್ನು ಸೇರಿಸಬೇಕೆಂದು ನಗರದ ಪ್ರಕೃತಿಪ್ರಿಯರ ಸಂಘವೊಂದು ಅರ್ಜಿ ಹಾಕಿತ್ತು. ಬಂಡಿಗಳ ಚಕ್ರವೇ ಅದರ ಯಮನೆಂದು ಬರೆದಿತ್ತು. ಹೌದೋ ಅಲ್ಲವೋ ಎಂದು ತೂಗಿ ಹೇಳುವ ಹೊಣೆ ಸರ್ಕಾರದ ಜೀವಿತಜ್ಞೆಯಾದ ಲೊರೀನಳ ಮೇಲೆ ಬಿದ್ದಿತ್ತು.

ಆದರೆ ತಕ್ಕಡಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬಂಡಿಗಳು ನುಗ್ಗದಂತೆ ದಿಬ್ಬದ ಪಡುವಣ ಭಾಗಕ್ಕೆ ಬೇಲಿ ಹಾಕಿ ಎಷ್ಟೋ ಕಾಲವಾಗಿತ್ತು. ಹುಳ ಮೊದಲು ಮಾಯವಾದದ್ದು ಆ ಬೇಲಿಯೊಳಗೇ. ಚಕ್ರ ಹರಿದಾಡುವ ಮೂಡಣ ಏರಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಕುತ್ತು ಯಾವುದೆಂದು ತೋರಿಸಲಾಗದೆ ಕಾನೂನಿನ ರಕ್ಷಣೆ ಕೇಳುವಂತಿಲ್ಲ, ಈ ವಾರದೊಳಗೆ 'ರಕ್ಷಣೆ ಅನಗತ್ಯ' ಎಂದು ಬರೆದು ಕಳಿಸು ಎಂದು ಮೇಲಧಿಕಾರಿ ಹೇಳಿಯಾಗಿತ್ತು. ಹಾಗೆ ಬರೆದರೆ ಈ ಮರಳಿಗೆ ಇನ್ನು ಯಾರೂ ಜರಡಿ ಹಿಡಿಯುವುದಿಲ್ಲ. ಕೆಲವೇ ವಸಂತಗಳಲ್ಲಿ ಆ ಹುಳದ ವಂಶ ನಿರ್ವಂಶವಾಗುವುದೆಂದು ಅವಳಿಗೆ ಗೊತ್ತಿತ್ತು.

ಅಂದು ಸವಾರರ ಸಂಘದವರು ದಿಬ್ಬ ಗುಡಿಸುವ ದಿನ. ಹಗೆಯಾದರೂ ಸರಿ, ಮರಳುಗಾಡಿನಲ್ಲಿ ಎದುರಿಗೆ ನಿಂತವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಊರಿನಲ್ಲಿಲ್ಲ. ಬರ್ಲ್‌ನ ಹೆಂಡತಿ ನೆಡಾ ಲೊರೀನಳನ್ನು ಕರೆದು ಕೂರಿಸಿ, ಖಾರದ ಬೀನ್ಸ್ ಸಾರನ್ನೂ ಮೆಕ್ಕೆಜೋಳದ ಬ್ರೆಡ್ಡನ್ನೂ ಬಡಿಸಿದಳು. ಬಡಿಸುತ್ತಲೇ ಚುಚ್ಚಿದಳು.

"ನಿಮ್ಮ ಸಿಟಿಯೋರು ನಮ್ಮನ್ನ ಗಲೀಜು ಜನ ಅಂತಾರಂತೆ. ಬಂದು ನೋಡ್ಲಿ. ದಿಬ್ಬದ ಮೇಲೆ ಒಂದು ಕಡ್ಡಿ ಬಿದ್ದಿದ್ರೆ ನನ್ನ ಹೆಸರು ಬದಲಾಯಿಸ್ತೀನಿ."

ಅವಳು ಕೈತೋರಿದ ಕಡೆ ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಬಾಟಲಿ, ಡಬ್ಬಿ, ಹರಿದ ಟೈರು. ಮಿಕ್ಕವುಗಳಲ್ಲಿ ಕಣಿವೆಯಿಂದ ಗಾಳಿಗೆ ಉರುಳಿಬಂದು ದಿಬ್ಬದ ಬುಡ ಸೇರುವ ಒಣ ಗಿಡಗಂಟಿಯ ರಾಶಿ. ಸೂರ್ಯ ಇಳಿದ ಮೇಲೆ ಅದಕ್ಕೆ ಬೆಂಕಿಯಿಟ್ಟು ಸುತ್ತ ಕೂತು ಹಾಡುವುದು ವಾಡಿಕೆ.

"ಬೇಲಿ ಒಳಗೂ ಗುಡಿಸ್ತೀರಾ?" ಎಂದು ಲೊರೀನ್ ಕೇಳಿದಳು.

"ಒಳಗೇ ಜಾಸ್ತಿ. ಬಂಡಿ ತರಬೇಡಿ ಅಂದ್ರು, ಸರಿ. ನಡ್ಕೊಂಡು ಹೋಗೋಕೆ ಯಾರ ಅಪ್ಪಣೆ ಬೇಕು? ಹಲ್ಲಿನ ಹಲುಬೆ ಹಿಡಿದು ಅಡಿಮರಳು ಕಾಣೋ ತನಕ ಕಸ ಬಾಚಿ ಎಳೀತೀವಿ. ಅರ್ಜಿ ಹಾಕಿದಾರಲ್ಲ, ಆ ಸಂಘದೋರೇ ನಮಗೆ ಶೀಲ್ಡ್ ಕೊಟ್ಟಿದಾರೆ, ಗೊತ್ತಾ?"

ಲೊರೀನಳ ಚಮಚ ತಟ್ಟೆಯಲ್ಲೇ ನಿಂತಿತು. ಪ್ರತಿ ವರ್ಷವೂ ಅವಳು ಇಲ್ಲಿಗೆ ಬರುತ್ತಿದ್ದುದು ಗುಡಿಸಿಯಾದ ಮೇಲೆ. ಕೊಳಕಾದ ದಿಬ್ಬವನ್ನು ಅವಳು ಕಂಡದ್ದೇ ಇಲ್ಲ.

ಗುಡಿಸದೆ ಬಿಟ್ಟ ಜಾಗ ಎಲ್ಲಾದರೂ ಇದೆಯೇ ಎಂದು ಕೇಳಿದಾಗ, ಅಡುಗೆಮನೆಯ ಮೂಲೆಯ ಜೇಡರಬಲೆ ನೆಂಟರ ಕಣ್ಣಿಗೆ ಬಿತ್ತೆಂದು ನಾಚಿದವಳಂತೆ ನೆಡಾ ದನಿ ತಗ್ಗಿಸಿದಳು. ಮೂಡಣ ಏರಿನಾಚೆ 'ದೆವ್ವದ ಬಟ್ಟಲು' ಎನ್ನುವ ಆಳದ ಮರಳುಗುಣಿಯೊಂದು ಉಳಿದಿದೆ. ಅಲ್ಲಿ ಕಾಲಿಟ್ಟರೆ ಮರಳು ಜಾರುತ್ತದೆ, ಹಲುಬೆ ಹಿಡಿದು ನಿಲ್ಲಲಾಗದು, ಬಂಡಿಯೇರಿ ಒಂದೇ ಉಸಿರಿಗೆ ಇಳಿದು ಹತ್ತಬೇಕು, ಅಷ್ಟೆ.

ಲೊರೀನ್ ಬರ್ಲ್‌ನ ಮುಂದೆ ಹೋಗಿ ನಿಂತಳು.

"ನನ್ನ ಬಂಡೀಲೇ ಕೂತ್ಕೊಂಡು ಬಂದು ನನ್ನ ದಿಬ್ಬಕ್ಕೆ ಬೀಗ ಹಾಕ್ತೀಯಾ?" ಎಂದ ಅವನು.

"ಬೀಗ ಬೀಳುತ್ತೋ ಇಲ್ವೋ ನಂಗೂ ಗೊತ್ತಿಲ್ಲ. ನೋಡ್ಬೇಕು."

ಬಟ್ಟಲನ್ನು ನೋಡಬೇಕೆಂದವರಿಗೆ ಇಲ್ಲವೆನ್ನುವುದು ಸವಾರನಿಗೆ ಒಪ್ಪುವ ಮಾತಲ್ಲ. ಬರ್ಲ್ ಅವಳ ಕೈಗೊಂದು ಹೆಲ್ಮೆಟ್ ಕೊಟ್ಟ. ಇಳಿಯುವಾಗ ಅವಳು ಕಿರುಚಿದಳೆಂದು ಕೆಲವರೂ ನಕ್ಕಳೆಂದು ಕೆಲವರೂ ಹೇಳುತ್ತಾರೆ. ಎರಡನ್ನೂ ಕೇಳಿಸಿಕೊಂಡೆವೆಂದು ಪ್ರಮಾಣ ಮಾಡುವವರೂ ಇದ್ದಾರೆ.

ತಳದಲ್ಲಿ ಎಷ್ಟೋ ವರ್ಷಗಳ ಗಿಡಗಂಟಿ ಮರಳಿನಡಿ ಪದರ ಪದರವಾಗಿ ಹೂತುಹೋಗಿತ್ತು. ಲೊರೀನ್ ಮೊಣಕಾಲೂರಿ ತೋಳಿನ ತನಕ ಕೈ ಇಳಿಸಿದಳು. ಮೇಲೆ ಸುಡುವ ಮರಳು. ಕೆಳಗೆ ತಂಪು, ಕೊಳೆತ ಕಡ್ಡಿಯ ವಾಸನೆ. ತೋಡಿದ್ದನ್ನು ಜರಡಿಗೆ ಸುರಿದು ಆಡಿಸಿದಳು.

ಮರಳು ಸೋರಿತು. ಉಳಿದವು ಗೋಡಂಬಿಯಂತೆ ಬಾಗಿದ, ಬೆಳ್ಳಗಿನ, ಆ ಜೀರುಂಡೆಯ ಮರಿಹುಳಗಳು. ಬೆಳಕಿಗೆ ಹೆದರಿ ಒಂದರಡಿ ಒಂದು ನುಸುಳುತ್ತಿದ್ದವು. ಇನ್ನೊಂದು ಕಡೆ ತೋಡಿದಳು. ಅಲ್ಲಿಯೂ ಜರಡಿ ಮಿಸುಕಿತು.

ಬರ್ಲ್ ಹೆಲ್ಮೆಟ್ ತೆಗೆದ. ಬಗ್ಗಿ ಜರಡಿಯೊಳಗೆ ನೋಡಿದ.

"ನಮ್ಮ ಚಕ್ರ ಇವುಗಳ ತಲೆ ಮೇಲೇ ಹೋಗುತ್ತಲ್ಲಮ್ಮ."

"ಹೋಗುತ್ತೆ. ಇವು ಆಳದಲ್ಲಿವೆ, ಅದು ತಟ್ಟಲ್ಲ. ಇವಕ್ಕೆ ಬೇಕಾಗಿರೋದು ತಿನ್ನೋಕೆ ಈ ಗಿಡಗಂಟಿ ಕಸ."

ಅವನು ತಲೆಯೆತ್ತಿ ಬಟ್ಟಲಿನ ಅಂಚನ್ನು ನೋಡಿದ. ಅದರಾಚೆ ಪಿಕಪ್ಪುಗಳಿದ್ದವು, ಸೂರ್ಯ ಇಳಿಯತೊಡಗಿದ್ದ. ಆ ಬಟ್ಟಲಿನಿಂದ ಅಷ್ಟು ವೇಗವಾಗಿ ಮೇಲೆದ್ದ ಬಂಡಿಯನ್ನು ಊರಿನವರು ಹಿಂದೆಂದೂ ಕಂಡಿರಲಿಲ್ಲವಂತೆ. ಹಾರ್ನ್ ಕೇಳಿ ಯಾರಿಗೋ ಕೈಕಾಲು ಮುರಿದಿದೆಯೆಂದು ಎಲ್ಲರೂ ಓಡಿಬಂದರು.

"ನೆಡಾ, ಬೆಂಕಿಪೊಟ್ಟಣ ಕೆಳಗಿಡು," ಎಂದ ಬರ್ಲ್. "ಆ ಹುಳಾನ ಸಾಯಿಸ್ತಿರೋದು ನಾವೇ. ಬಂಡಿ ಓಡಿಸಿ ಅಲ್ಲ ಕಣೇ, ಗುಡಿಸಿ."

ನೆಡಾಳ ಮುಖ ಕೆಂಪೇರಿತು. ಇಷ್ಟು ವರ್ಷ ಸೊಂಟ ಮುರಿದು ಮಾಡಿದ್ದಕ್ಕೆ ಇದೇನಾ ಮಾತು ಎಂದಳು. ಅವಳಿಗೆ ಉತ್ತರ ಕೊಡುವ ಬದಲು ಲೊರೀನ್ ಮರಿಹುಳಗಳಿದ್ದ ಜರಡಿಯನ್ನೇ ಅವಳ ಕೈಗಿತ್ತಳು. ನೆಡಾ ನೋಡಿದಳು, ಬಾಗಿ ಇನ್ನೂ ಹತ್ತಿರದಿಂದ ನೋಡಿದಳು. ಆಮೇಲೆ ಹೊರೆ ತುಂಬಿದ ಮೊದಲನೆಯ ಪಿಕಪ್ಪಿನ ಹಿಂಬಾಗಿಲನ್ನು ತಾನೇ ಇಳಿಸಿ, ಒಣಗಂಟಿಯನ್ನು ತೋಳುತುಂಬ ಬಾಚಿ ಬೇಲಿಯ ಕಡೆ ನಡೆದಳು. ಕತ್ತಲಾಗುವ ಮೊದಲೇ ಊರಿಗೆ ಊರೇ ಹೊತ್ತು ತಂದ ಕಸವನ್ನು ಹಾಗೆಯೇ ಹೊತ್ತು ಹಿಂದಕ್ಕೆ ಸುರಿದಿತ್ತು.

ಲೊರೀನ್ ತನ್ನ ವರದಿಯಲ್ಲಿ 'ರಕ್ಷಣೆ ಅಗತ್ಯ' ಎಂದು ಬರೆದಳು. ಚಕ್ರದ ಹೆಸರನ್ನೂ ಸೇರಿಸು ಎಂದು ನಗರದ ಸಂಘದವರು ಒತ್ತಾಯಿಸಿದರು, ಕಾಣದ್ದನ್ನು ಬರೆಯಲಾರೆನೆಂದಳು. ಮೇಲಧಿಕಾರಿ ತಾನೇ ಬಂದು, ಬರ್ಲ್‌ನ ಬಂಡಿಯಲ್ಲಿ ಬಟ್ಟಲಿಗಿಳಿದು, ಮೈಯೆಲ್ಲ ಮರಳಾಗಿ ಹತ್ತಿಬಂದು ಸಹಿ ಹಾಕಿದ. ಆಜ್ಞೆ ಹೊರಬಿತ್ತು: ಜೀರುಂಡೆ ರಕ್ಷಿತ ಜೀವಿ, ದಿಬ್ಬ ಸವಾರರಿಗೆ ತೆರೆದೇ ಇರತಕ್ಕದ್ದು, ಬಾಟಲಿ ಡಬ್ಬಿಗಳ ಹೊರತು ಬೇರೇನನ್ನೂ ಅಲ್ಲಿಂದ ಎತ್ತಕೂಡದು. ಲೋಕದಲ್ಲೆಲ್ಲೂ ಇಲ್ಲದ ಹುಳ ತಮ್ಮೂರಿನದೆಂದು ಸೋಡಾ ಫ್ಲಾಟಿನವರು ಬಾವುಟದ ಮೇಲೆ ಬರೆಸಿದರು.

ಮರುವಸಂತದಲ್ಲಿ ಗುಡಿಸುವ ದಿನ ಬಂದಾಗ, ಅಭ್ಯಾಸಬಲದಿಂದ ಎಲ್ಲರೂ ದಿಬ್ಬದ ಬುಡದಲ್ಲಿ ಸೇರಿದರು. ಡಬ್ಬಿಗಳನ್ನು ಹೆಕ್ಕಿ ಮುಗಿಸಿದ ಮೇಲೆ ಮಾಡಲು ಕೆಲಸವಿರಲಿಲ್ಲ. ಮಡಿಚುವ ಕುರ್ಚಿಗಳನ್ನು ಸಾಲಾಗಿ ಹಾಕಿಕೊಂಡು, ಲೊರೀನಳನ್ನು ನಡುವೆ ಕೂರಿಸಿಕೊಂಡು, ಸುಮ್ಮನೆ ಕಣಿವೆಯ ಕಡೆ ನೋಡುತ್ತ ಕುಳಿತರು. ಸಂಜೆಯ ಗಾಳಿ ಎದ್ದಿತು. ದೂರದಲ್ಲಿ ಒಣಗಂಟಿಯ ದೊಡ್ಡ ಉಂಡೆಯೊಂದು ಕಾಣಿಸಿಕೊಂಡು, ಪುಟಿಯುತ್ತ, ನಿಲ್ಲುತ್ತ, ಮತ್ತೆ ಉರುಳುತ್ತ ಅವರತ್ತ ಬಂತು. ನೆಡಾಳ ಕೈ ಒಮ್ಮೆ ಮುಂದೆ ಚಾಚಿ, ಮಡಿಲಿಗೆ ಮರಳಿತು. ಉಂಡೆ ಕುರ್ಚಿಗಳ ಬಳಿ ಬಂದಾಗ ಅವರೆಲ್ಲ ಒಟ್ಟಿಗೆ ಕಾಲೆತ್ತಿ ಅದಕ್ಕೆ ದಾರಿ ಬಿಟ್ಟರು.